ಫಿರಂಗಿಗೆ ನೆಗಡಿ

ನನ್ನ ತಮ್ಮ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ. ಬಲಗೆನ್ನೆಯ ಕೆಲಸ ಮುಗಿದಿತ್ತು. ಎಡಗೆನ್ನೆಗೆ ನೊರೆ ಹಚ್ಚಿ ಕ್ಷೌರಿಕನು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದ. ಆಗ ತಮ್ಮನ ವ್ಯಾನನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಬಾಗಿಲಲ್ಲಿ ಬಂದು ನಿಂತ. ಎಣ್ಣೆಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಯಜಮಾನ್ರೇ, ಗಾಡಿ ಚೆನ್ನಾಗೇ ಇದೆ," ಎಂದ. "ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇಂಜಿನ್ ಓಡ್ತಾನೇ ಇದೆ. ಅಣ್ಣ... ಅಣ್ಣ ಮಾತ್ರ ಸ್ಟೇರಿಂಗ್ ಮೇಲೆ ತಲೆ ಇಟ್ಟವರು ಏಳ್ತಿಲ್ಲ."

ಮೆಕ್ಯಾನಿಕ್‌ಗಳು ಸಾವಿನ ಸುದ್ದಿಯನ್ನೂ ಇಂಜಿನ್ನಿನಿಂದಲೇ ಆರಂಭಿಸುತ್ತಾರೆ. ನಾನು ಕುತ್ತಿಗೆಯ ಬಿಳಿಬಟ್ಟೆಯ ಸಮೇತ ಎದ್ದು ಓಡಿದೆ.

ಆ ದಿನವೆಲ್ಲ ನಾನು ಅರ್ಧ ಬೋಳಿಸಿದ ಮುಖದಲ್ಲೇ ಇದ್ದೆ. ಅಳುವವರಿಗೆ ಕನ್ನಡಿಯ ನೆನಪಿರುವುದಿಲ್ಲ. ಬಂದವರೆಲ್ಲ ನನ್ನ ಕೈಹಿಡಿದು ಸಮಾಧಾನ ಹೇಳುತ್ತಿದ್ದರು, ಆದರೆ ಅವರ ಕಣ್ಣು ನನ್ನ ಎಡಗೆನ್ನೆಯ ಮೇಲಿರುತ್ತಿತ್ತು. ಕೊನೆಗೆ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ನನ್ನನ್ನು ಮೂಲೆಗೆ ಕರೆದು, ತಗ್ಗಿದ ದನಿಯಲ್ಲಿ, "ನಿಮ್ಮಲ್ಲಿ ತಮ್ಮ ಹೋದರೆ ಬಲಗಡೆ ತೆಗೆಸೋದಾ? ಅಣ್ಣ ಹೋದರೆ ಎಡಗಡೇನಾ?" ಎಂದು ಕೇಳಿದರು. ಅವರು ಕೇಳಿದ್ದು ನನಗೆ ಅರ್ಥವಾಗಲಿಲ್ಲ. ದುಃಖದಲ್ಲಿ "ಹೂಂ" ಎಂದೆ. ಸಂಜೆಯ ಹೊತ್ತಿಗೆ ಇಡೀ ಬೀದಿಗೆ ನಮ್ಮ ಮನೆತನದ ಈ ಪದ್ಧತಿ ತಿಳಿದುಹೋಗಿತ್ತು.

ಅಂದೇ ಇನ್ನೊಂದು ಪ್ರಸಂಗ ನಡೆಯಿತು. ಮೂವರು ಹೆಂಗಸರು ಬಂದು ನೆಂಟರನ್ನೆಲ್ಲ ಮೀರಿಸಿ ಅತ್ತರು. ಒಬ್ಬರು ನಿವೃತ್ತ ನರ್ಸಮ್ಮ, ಒಬ್ಬರು ಟೈಲರಮ್ಮ, ಇನ್ನೊಬ್ಬರು ಬೇಕರಿಯಮ್ಮ. ಈ ಗೆಳತಿಯರು ಆಗಾಗ ಶನಿವಾರ ಭಾನುವಾರ ಸೇರಿಸಿ ಊರು ನೋಡಲು ಹೋಗುವವರು, ಯಾವಾಗಲೂ ನನ್ನ ತಮ್ಮನ ವ್ಯಾನಿನಲ್ಲೇ. ನಮ್ಮ ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಇವರು ನಮಗೆ ಯಾವ ಕಡೆಯಿಂದ ನೆಂಟರು?" ಎಂದು ಎಲ್ಲರಿಗೂ ಕೇಳಿಸುವಂತೆ ನನ್ನನ್ನು ಪಿಸುಗುಟ್ಟಿ ಕೇಳಿದರು.

ಬೇಕರಿಯಮ್ಮ ನನ್ನ ತಮ್ಮನ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು. "ಅತ್ತಿಗೆ, ಇನ್ನು ನಮ್ಮನ್ನ ನಗಿಸೋರು ಯಾರು? ಎಷ್ಟು ಮಾತು, ಎಷ್ಟು ಕಥೆ! ವ್ಯಾನ್ ಹತ್ತಿದರೆ ಇಳಿಯೋ ತನಕ ಬಾಯಿ ಮುಚ್ಚುತ್ತಿರಲಿಲ್ಲ ನಮ್ಮ ಡ್ರೈವರಣ್ಣ!"

ತಮ್ಮನ ಹೆಂಡತಿ ಅಳು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು.

"ಅಮ್ಮಾ," ಎಂದಳು, "ನೀವು ಮನೆ ತಪ್ಪಿ ಬಂದಿಲ್ಲ ತಾನೇ?"

ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ನನ್ನ ತಮ್ಮ ಆಡುತ್ತಿದ್ದ ಮಾತನ್ನೆಲ್ಲ ಸೇರಿಸಿ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಡಬಹುದಿತ್ತು. ಸಂಜೆ ಬರುವನು, ಚಪ್ಪಲಿ ಬಿಡುವನು, ಊಟ ಮಾಡುವನು, ಮೆಟ್ಟಿಲ ಮೇಲೆ ಕುಳಿತು ಬೀದಿ ನೋಡುವನು. ಸಾರು ಹೇಗಿದೆ ಎಂದು ಕೇಳಿದರೆ "ಇದೆ" ಎನ್ನುವನು. ನಮ್ಮ ತಾಯಿಯೇ ಅವನನ್ನು ಗೋಡೆಗಡಿಯಾರ ಎಂದು ಕರೆಯುತ್ತಿದ್ದರು, ಅದೂ ಗಂಟೆ ಹೊಡೆಯದ ಗಡಿಯಾರ.

ಕೆಲವು ವಾರ ಕಳೆದ ಮೇಲೆ ಆ ಮೂವರು ನನ್ನ ಮನೆಗೆ ಬಂದರು. ಕೋಟೆಗೆ ಹೋಗುವ ಪ್ರವಾಸವನ್ನು ತಮ್ಮನೇ ನಿಶ್ಚಯಿಸಿ ಹೋಗಿದ್ದನಂತೆ, ಉಳಿದುಕೊಳ್ಳಲು ಕೋಣೆಯನ್ನೂ ಹೇಳಿಟ್ಟಿದ್ದನಂತೆ. ವ್ಯಾನನ್ನು ಮೆಕ್ಯಾನಿಕ್ ಓಡಿಸುತ್ತಾನೆ. ಅವನ ನೆನಪಿಗಾಗಿ ಒಂದು ಸಲ ಹೋಗಿಬರೋಣವೆಂದು ಗೆಳತಿಯರ ಆಸೆ.

"ವ್ಯಾನೇನೋ ಹೋಗುತ್ತೆ," ಎಂದು ಟೈಲರಮ್ಮ ನಿಟ್ಟುಸಿರಿಟ್ಟರು. "ಆದರೆ ಹೇಳೋರು ಯಾರು? ಡ್ರೈವರಣ್ಣ ಒಂದೊಂದು ಕಲ್ಲಿಗೂ ಒಂದೊಂದು ವಿಷಯ ಹೇಳ್ತಿದ್ದರು. ಎಲ್ಲಿ ಕಲಿತಿದ್ದರೋ!"

ಈ ಸ್ಥಳದಲ್ಲಿ ನನ್ನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ನಾನು ಜೀವನವೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ನನ್ನ ಕೋಟಿನ ಜೇಬಿನಲ್ಲಿ ಒಂದು ನೀಲಿ, ಒಂದು ಕೆಂಪು, ಹೀಗೆ ಎರಡು ಪೆನ್ನು ಸದಾ ಇರುತ್ತವೆ. ದೇವರಲ್ಲಿ ಭಯ, ತಪ್ಪಿನಲ್ಲಿ ಕೋಪ, ಇವೆರಡೇ ನನ್ನ ಆಸ್ತಿ. ಬೀದಿಯವರು ನನ್ನನ್ನು ತಿದ್ದೋ ತಾತ ಎನ್ನುತ್ತಾರೆ. ನಾನು ಅದನ್ನು ಗೌರವವೆಂದೇ ಭಾವಿಸಿದ್ದೇನೆ. ಇಂಥವನು ಆ ಮಾತು ಕೇಳಿ ಸುಮ್ಮನಿರುವುದು ಹೇಗೆ?

"ಎಲ್ಲಿ ಕಲಿತ ಅಂದರೆ?" ಎಂದೆ. "ಅವನಿಗೆ ಅಕ್ಷರ ಕಲಿಸಿದ್ದೇ ನಾನು. ಆ ಇತಿಹಾಸವೆಲ್ಲ ನನ್ನ ಬಾಯಿಂದ ಕೇಳಿದ್ದು. ಚಿಂತೆ ಬಿಡಿ, ನಾನೇ ಬರ್ತೀನಿ."

ಒಳಗಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು. "ಯಾರು, ನೀವಾ? ನಿಮ್ಮ ಜೊತೆ ತರಕಾರಿ ಅಂಗಡಿಗೆ ಹೋದರೇ ನನಗೆ ದಾರೀಲಿ ನಿದ್ದೆ ಬರುತ್ತೆ."

ಗೆಳತಿಯರು ಕೇಳಿಸದವರಂತೆ ಕುಳಿತರು. ಬಾಗಿಲ ಬಳಿ ನಿಂತಿದ್ದ ತಮ್ಮನ ಹೆಂಡತಿ ಮಾತ್ರ ಮುಂದೆ ಬಂದಳು.

"ಭಾವ, ನಾನೂ ಬರ್ತೀನಿ. ಅವರ ಜೊತೆ ಒಂದು ಸಲಾನೂ ಹೋಗಲಿಲ್ಲ ನಾನು. ಅವರು ಇವರಿಗೆಲ್ಲ ಹೇಗೆ ಹೇಳ್ತಿದ್ದರೋ ಹಾಗೇ ನನಗೂ ಹೇಳಬೇಕು. ಒಂದು ಮಾತು ಬಿಡಬಾರದು."

"ಒಂದು ಅಕ್ಷರ ಬಿಡೋದಿಲ್ಲ, ತಾಯಿ," ಎಂದು ಮಾತು ಕೊಟ್ಟೆ. ಅಂದೇ ಗ್ರಂಥಾಲಯಕ್ಕೆ ಹೋಗಿ, ಕೋಟೆಯ ಮೇಲಿನ ಅತ್ಯಂತ ದಪ್ಪ ಪುಸ್ತಕವನ್ನು ತಂದು, ಹೊರಡುವ ತನಕ ಓದಿದೆ. ಅಷ್ಟು ಸಿದ್ಧತೆಯಿಂದ ಯಾವ ರಾಜನೂ ಆ ಕೋಟೆಗೆ ಹೋಗಿರಲಾರ.

ಶನಿವಾರ ಬೆಳಿಗ್ಗೆ ವ್ಯಾನ್ ಹೊರಟಿತು. ನರ್ಸಮ್ಮ ಎಲ್ಲರಿಗೂ ವಾಂತಿಯ ಮಾತ್ರೆ ಹಂಚಿ, ನುಂಗಿದ್ದನ್ನು ಬಾಯಿ ತೆರೆಸಿ ನೋಡಿದರು. ಬೇಕರಿಯಮ್ಮನ ಮಡಿಲಲ್ಲಿ ಬನ್ನಿನ ಡಬ್ಬ. ಟೈಲರಮ್ಮ ನನ್ನ ಕೋಟಿನ ಭುಜವನ್ನು ಹಿಡಿದು ನೋಡಿ, "ಇದನ್ನ ಹೊಲಿದವನು ನಿಮ್ಮನ್ನ ನೋಡಿಯೇ ಇರಲಿಲ್ಲ ಅನ್ನಿಸುತ್ತೆ," ಎಂದರು. ತಮ್ಮನ ಹೆಂಡತಿ ಕಿಟಕಿಯ ಬಳಿ ಕೂತು ಏನೂ ಮಾತಾಡದೆ ಕಾಯುತ್ತಿದ್ದಳು.

ನದಿಯ ಸೇತುವೆ ಬಂತು. ನಾನು ಗಂಟಲು ಸರಿಮಾಡಿಕೊಂಡೆ.

"ಈಗ ನಾವು ದಾಟುತ್ತಿರುವುದು ಕಲ್ಲಿನ ಸೇತುವೆ. ಇದರ ಕಮಾನುಗಳ ರಚನೆ..."

"ತಡೀರಿ, ತಡೀರಿ," ಎಂದರು ಟೈಲರಮ್ಮ. "ಇಲ್ಲಿ ಅತ್ತೆ ಬರಬೇಕು."

"ಯಾವ ಅತ್ತೆ?"

"ಇಂಜಿನಿಯರನ ಅತ್ತೆ! ಮರೆತುಬಿಟ್ಟಿರಾ? ನೀವೇ ಹೇಳಿಕೊಟ್ಟಿದ್ದು ಅಂದಿರಿ!"

ಮೂವರೂ ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಹೇಳಿದರು. ಈ ಸೇತುವೆ ಕಟ್ಟಿದ ಇಂಜಿನಿಯರನಿಗೆ ಒಬ್ಬ ಅತ್ತೆಯಿದ್ದಳು. ಆಕೆ ಮಾತಾಡಿದರೆ ಮೂರು ಬೀದಿಗೆ ಕೇಳುತ್ತಿತ್ತು. ನದಿಗೆ ಪ್ರವಾಹ ಬಂದಾಗ ಕೆಳಗಿನವರನ್ನು ಎಚ್ಚರಿಸಲು ಸರ್ಕಾರ ದೊಡ್ಡ ಗಂಟೆ ತರಿಸಬೇಕೆಂದಿತ್ತು. ಇಂಜಿನಿಯರನು, ಗಂಟೆ ಯಾಕೆ ಸ್ವಾಮಿ ಎಂದು ಹೇಳಿ, ಮಧ್ಯದ ಕಂಬದೊಳಗೆ ಅತ್ತೆಗೊಂದು ಕೋಣೆ ಕಟ್ಟಿಕೊಟ್ಟ. ನೀರು ಏರಿದಾಗ ಆಕೆ ಒಳಗಿನಿಂದ ಅಳಿಯನನ್ನು ಬೈಯುತ್ತಿದ್ದಳು, ಊರೆಲ್ಲ ಎದ್ದು ಗುಡ್ಡ ಹತ್ತುತ್ತಿತ್ತು. ಇಂದಿಗೂ ಹಾರ್ನ್ ಹೊಡೆದರೆ ಆಕೆ ಉತ್ತರ ಕೊಡುತ್ತಾಳೆ.

"ಹೊಡಿ!" ಎಂದರು ನರ್ಸಮ್ಮ. ಮೆಕ್ಯಾನಿಕ್ ಹೊಡೆದ. ಕಮಾನುಗಳ ಕೆಳಗಿನಿಂದ ಹಾರ್ನಿನ ಸದ್ದು ಗೊಣಗಿಕೊಂಡು ತಿರುಗಿ ಬಂತು.

"ಕೇಳಿಸ್ತಾ? ಬೈತಿದ್ದಾಳೆ!"

ನನ್ನ ತಮ್ಮನ ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿಸಿಕೊಂಡಳು. ಬಹಳ ಹೊತ್ತು ಆ ಕಂಬವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಭಾವ, ಇದನ್ನೂ ನೀವೇ ಹೇಳಿಕೊಟ್ಟಿದ್ದಾ?" ಎಂದು ಕೇಳಿದಳು.

ಅಯ್ಯೋ ದೇವರೇ, ನನ್ನ ತಮ್ಮ ಸುಳ್ಳುಗಾರ! ಒಂದು ಊರಲ್ಲ, ಒಂದು ಕಂಬವಲ್ಲ, ದಾರಿಯುದ್ದಕ್ಕೂ ಸುಳ್ಳು ಬಿತ್ತಿಕೊಂಡು ಹೋಗಿದ್ದಾನೆ. ಗಂಡನನ್ನು ಕಳೆದುಕೊಂಡ ಈ ಹೆಂಗಸಿಗೆ ಅದು ತಿಳಿಯಬಾರದು. ತಿಳಿದರೆ ಅವನ ನೆನಪಿಗೆ ಉಳಿಯುವುದೇನು? ಆ ಸೇತುವೆ ಮುಗಿಯುವುದರೊಳಗೆ ನಾನು ಒಂದು ನಿರ್ಧಾರಕ್ಕೆ ಬಂದೆ.

"ಹೌದು," ಎಂದೆ. "ಗ್ರಂಥಗಳಲ್ಲಿದೆ."

ಮೂವರು ಗೆಳತಿಯರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಮೆಕ್ಯಾನಿಕ್‌ಗೆ ಕೆಮ್ಮು ಬಂತು.

ಕೋಟೆ ತಲುಪಿದಾಗ ಹನ್ನೊಂದು ಗಂಟೆಯ ಬಿಸಿಲು. ಹೆಂಗಸರು ಬಾಯಾರಿಕೆಯೆಂದು ಅಂಗಡಿಯ ಕಡೆ ಹೋದರು. ನಾನು ಬಾಗಿಲ ಪಕ್ಕದ ದೊಡ್ಡ ಬೋರ್ಡಿನ ಮುಂದೆ ನಿಂತೆ. ಬೋರ್ಡ್ ಕಂಡರೆ ನನ್ನ ಕೈ ತಾನಾಗಿಯೇ ಕೆಂಪು ಪೆನ್ನನ್ನು ತೆಗೆಯುತ್ತದೆ. ಒಂದೊಂದು ಸಾಲಿನ ಕೆಳಗೂ ಪೆನ್ನಿನ ತುದಿಯನ್ನು ಗಾಳಿಯಲ್ಲಿ ಎಳೆಯುತ್ತಾ ಮೊದಲಿನಿಂದ ಕೊನೆಯ ತನಕ ಓದಿದೆ. ಕೊನೆಯಲ್ಲಿ "ಹೂಂ" ಎಂದು ತಲೆ ಆಡಿಸಿದೆ.

ಕೋಟೆಯ ಸರ್ಕಾರಿ ಗೈಡ್ ಒಬ್ಬ ಕಟ್ಟೆಯ ಮೇಲೆ ಕುಳಿತು ಇದನ್ನು ನೋಡುತ್ತಿದ್ದ. ಬೋರ್ಡನ್ನು ಪೂರ್ತಿ ಓದುವ ಪ್ರವಾಸಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದೂ ಕೆಂಪು ಪೆನ್ನು ಹಿಡಿದು! ಅವನು ಬೀಡಿ ಎಸೆದು, ಅಂಗಿಯ ಗುಂಡಿ ಹಾಕಿಕೊಂಡು, ಕುತ್ತಿಗೆಯ ಬಿಲ್ಲೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಓಡಿಬಂದ.

"ಸಾರ್, ಗೈಡ್ ಇಲ್ಲದೆ ಒಳಗೆ ಬಿಡೋ ಹಾಗಿಲ್ಲ ಸಾರ್. ನಿಯಮ ಸಾರ್. ನಾವು ನಿಯಮ ತಪ್ಪಲ್ಲ ಸಾರ್."

ಇವನು ಬಾಯಿ ಬಿಟ್ಟರೆ ನನ್ನ ತಮ್ಮನ ಕಥೆ ಮುಗಿಯಿತು. ನಾನು ಅವನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದೆ: "ನೋಡಪ್ಪಾ, ನಾನು ಯಾರು ಅಂತ ಇವತ್ತು ಕೇಳಬೇಡ. ನನ್ನ ಜೊತೆ ನಾಲ್ಕು ಜನ ಹೆಂಗಸರು ಇದ್ದಾರೆ. ಅವರು ಏನು ಹೇಳಿದರೂ ನೀನು ಎದುರಾಡಬಾರದು. ಹೌದು ಅನ್ನು, ಸಾಕು. ನಾನು ಎಲ್ಲಾ ಗಮನಿಸ್ತಾ ಇರ್ತೀನಿ."

ಈ ಮಾತುಗಳನ್ನು ನಾನು ಬೇಡಿಕೊಳ್ಳುವ ದನಿಯಲ್ಲೇ ಹೇಳಿದ್ದು. ಆದರೆ ಮುಖ್ಯ ಕಚೇರಿಯಿಂದ ಗುಟ್ಟಾಗಿ ತಪಾಸಣೆಗೆ ಬಂದ ಅಧಿಕಾರಿ ಬೇರೆ ಯಾವ ಮಾತು ಆಡಿಯಾನು? ಗೈಡ್‌ನ ಮುಖ ಬಿಳಿಚಿಕೊಂಡಿತು.

"ತಿಳೀತು ಸಾರ್," ಎಂದ. "ಪರೀಕ್ಷೆ. ತಿಳೀತು."

ಮೊದಲು ರಾಜನ ಈಜುಕೊಳ. ಟೈಲರಮ್ಮ ಮೆಟ್ಟಿಲ ಮೇಲೆ ನಿಂತು, ನನ್ನ ತಮ್ಮನಂತೆ ಒಂದು ಕೈಯನ್ನು ಬೆನ್ನಿಗಿಟ್ಟುಕೊಂಡು ಹೇಳಿದರು: "ಅತ್ತಿಗೆ, ಈ ರಾಜನಿಗೆ ಈಜು ಬರ್ತಿರಲಿಲ್ಲ. ಅದು ಶತ್ರುಗಳಿಗೆ ಗೊತ್ತಾಗಬಾರದಲ್ಲ! ಅದಕ್ಕೇ ದಿನಾ ಬೆಳಿಗ್ಗೆ ಇಲ್ಲಿ ಬಂದು, ಬಾಗಿಲು ಹಾಕಿಕೊಂಡು, ಬರೀ ತಲೆ ಒದ್ದೆ ಮಾಡಿಕೊಂಡು ಹೊರಗೆ ಬರ್ತಿದ್ದ."

ತಮ್ಮನ ಹೆಂಡತಿ ಗೈಡ್‌ನ ಕಡೆ ನೋಡಿದಳು. ಗೈಡ್ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿ ತಲೆಯಾಡಿಸಿದೆ.

"ಹೌದು ಮೇಡಂ!" ಎಂದು ಗೈಡ್ ಕೂಗಿದ. "ನೂರಕ್ಕೆ ನೂರು ಸತ್ಯ. ಆ ತಲೆ ಒರೆಸೋಕೇ ಎಂಟು ಜನ ಟವೆಲ್‌ನೋರು ಇದ್ದರು. ಅವರ ಮನೆಗಳು ಆ ಕಡೆ ಇವೆ."

ಅವನು ತೋರಿಸಿದ್ದು ಶೌಚಾಲಯಗಳನ್ನು. ನಾನು ಅವನಿಗೆ ಸಾಕು ಎಂದು ಕಣ್ಸನ್ನೆ ಮಾಡಿದೆ. ಇನ್ನೂ ಬೇಕು ಎಂದು ಅವನು ತಿಳಿದುಕೊಂಡ.

ಮುಂದಿನ ಗೋಪುರ, ಅದರ ಮುಂದಿನ ಕಿಟಕಿ, ಹೀಗೆ ಹೋಗುತ್ತಾ ನಮ್ಮ ಹಿಂದೆ ಜನ ಸೇರಿದರು. ಬೇರೆ ಗೈಡ್‌ಗಳ ಗುಂಪಿನಿಂದ ಒಬ್ಬೊಬ್ಬರಾಗಿ ಜಾರಿ ನಮ್ಮ ಗುಂಪಿಗೆ ಬಂದರು. ಫಿರಂಗಿಯ ಹತ್ತಿರ ಬರುವಷ್ಟರಲ್ಲಿ ಅದೊಂದು ಸಭೆಯಾಗಿತ್ತು.

"ಇದು ನೆಗಡಿಯ ಫಿರಂಗಿ," ಎಂದು ನರ್ಸಮ್ಮ ಆರಂಭಿಸಿದರು. ವೈದ್ಯಕೀಯ ವಿಷಯವಾದ್ದರಿಂದ ಇದನ್ನು ಅವರೇ ಹೇಳಬೇಕೆಂದು ಮೊದಲಿನಿಂದಲೂ ಒಪ್ಪಂದವಂತೆ. "ರಾತ್ರಿಯೆಲ್ಲ ಮಂಜಿನಲ್ಲಿ ನಿಂತು ಇದಕ್ಕೆ ನೆಗಡಿ ಹಿಡೀತು. ಬೆಳಿಗ್ಗೆ ಶತ್ರುಗಳು ಬಂದರು. ಬತ್ತಿ ಇಟ್ಟರೆ ಢಂ ಅನ್ನೋ ಬದಲು ಆಕ್ಷೀ ಅಂತು. ಗುಂಡು ಇಗೋ, ಇಲ್ಲೇ ಬಿತ್ತು. ಶತ್ರುಗಳು ಹೊಟ್ಟೆ ಹಿಡಿದುಕೊಂಡು ನಗೋಕೆ ಶುರುಮಾಡಿದರು. ನಗ್ತಾ ನಗ್ತಾ ಕತ್ತಿ ಎತ್ತೋಕಾಗುತ್ತಾ? ಎಲ್ಲರೂ ಮನೆಗೆ ಹೋದರು. ಕೋಟೆ ಉಳೀತು."

ಜನ ಕೈ ತಟ್ಟಿದರು. ಗೈಡ್‌ಗೆ ತಡೆಯಲಾಗಲಿಲ್ಲ. ಒಂದು ಕಲ್ಲಿನ ಮೇಲೆ ಹತ್ತಿ ನಿಂತ.

"ದಾಖಲೆ ಇದೆ!" ಎಂದು ಗರ್ಜಿಸಿದ. "ಫಿರಂಗಿಗೆ ಬಿಸಿನೀರಿನ ಆವಿ ಕೊಟ್ಟ ಪಾತ್ರೆ ಅಗೋ, ಅಲ್ಲಿದೆ!"

ಅದು ಕುಡಿಯುವ ನೀರಿನ ಟ್ಯಾಂಕು. ಜನರೆಲ್ಲ ಅದರ ಬಳಿ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು.

ಆಗ ಗುಂಪಿನಿಂದ ಕನ್ನಡಕದ ಗೃಹಸ್ಥರೊಬ್ಬರು ಛತ್ರಿ ಎತ್ತಿಕೊಂಡು ಮುಂದೆ ಬಂದರು. "ಅನ್ಯಾಯ! ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡೋನು. ಲೋಹಕ್ಕೆ ನೆಗಡಿಯೇ? ಸರ್ಕಾರಿ ಬಿಲ್ಲೆ ಹಾಕ್ಕೊಂಡು ಹೀಗೆ ಹೇಳೋದೇ? ಎಲ್ಲಿ ನಿಮ್ಮ ಮೇಲ್ವಿಚಾರಕರು?"

ಅವರ ಪತ್ನಿ, "ರೀ, ಸುಮ್ಮನಿರಿ, ಚೆನ್ನಾಗಿದೆ," ಎಂದು ಅಂಗಿ ಎಳೆದರು. ಮೇಷ್ಟ್ರು ಸುಮ್ಮನಿರಲಿಲ್ಲ.

ಮೇಲ್ವಿಚಾರಕರು ಬೀಗದ ಕೈಗೊಂಚಲು ಝಣಝಣಿಸುತ್ತಾ, ಅರ್ಧ ಕುಡಿದ ಚಹಾದ ಲೋಟ ಹಿಡಿದೇ ಬಂದರು. "ಯಾರ್ರೀ ಅದು ನೆಗಡಿ ಅಂದಿದ್ದು?" ಎಂದು ಗದರಿದರು. ಗೈಡ್ ಅವರ ಕಿವಿಯಲ್ಲಿ ಎರಡು ಮಾತು ಊದಿದ. ಮೇಲ್ವಿಚಾರಕರ ಕಣ್ಣು ನನ್ನ ಕೋಟಿನ ಮೇಲೆ, ಅಲ್ಲಿಂದ ಕೆಂಪು ಪೆನ್ನಿನ ಮೇಲೆ, ಅಲ್ಲಿಂದ ಕಂಕುಳಿನ ದಪ್ಪ ಪುಸ್ತಕದ ಮೇಲೆ ಇಳಿಯಿತು. ಲೋಟ ಗೈಡ್‌ನ ಕೈಗೆ ಹೋಯಿತು.

"ಸಾರ್, ಮೊದಲೇ ತಿಳಿಸಿದ್ದರೆ ಹುಲ್ಲಾದರೂ ಕೊಯ್ಯಿಸ್ತಿದ್ವಿ," ಎಂದು ಕೈ ಹೊಸೆದರು. "ಫಿರಂಗಿಯ ಬೋರ್ಡ್ ಬದಲಾಯಿಸಬೇಕು ಅಂತ ಮೇಲಿನಿಂದ ಅಪ್ಪಣೆಯಾಗಿದೆಯೇ? ನೆಗಡಿ ಅಂತ ಬರೆಸೋಣವೇ, ಶೀತ ಅಂತ ಬರೆಸೋಣವೇ ಸಾರ್?"

ಮೇಷ್ಟ್ರ ಛತ್ರಿ ಕೆಳಗೆ ಬಿತ್ತು.

ಒಂದು ಕ್ಷಣ ನನಗೆ ದೊಡ್ಡ ಅಧಿಕಾರ ಬಂದಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ನಾನು ಒಂದು ಮಾತು ಹೇಳಿದ್ದರೆ ಆ ಫಿರಂಗಿಗೆ ಸರ್ಕಾರಿ ನೆಗಡಿಯಾಗುತ್ತಿತ್ತು. ಆದರೆ ಬೋರ್ಡಿನ ಮೇಲೆ ಸುಳ್ಳು ಬರೆಸುವುದಕ್ಕೆ ನನ್ನ ದೈವಭಕ್ತಿ ಒಪ್ಪಲಿಲ್ಲ.

"ನಾನು ಯಾವ ಆಫೀಸಿನವನೂ ಅಲ್ಲ," ಎಂದೆ. "ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಈಗ ನಿವೃತ್ತ."

ಮೇಲ್ವಿಚಾರಕರು ಬೆಣ್ಣೆಯಂತಿದ್ದವರು ಕಬ್ಬಿಣವಾದರು. ಲೋಟವನ್ನು ಮರಳಿ ಕಿತ್ತುಕೊಂಡರು. ಮೇಷ್ಟ್ರು ಛತ್ರಿ ಎತ್ತಿಕೊಂಡರು. ಗೈಡ್ ಕಲ್ಲಿನಿಂದ ಇಳಿದು, ನನ್ನನ್ನು ಮನೆ ಹಾಳುಮಾಡಿದವನನ್ನು ನೋಡುವಂತೆ ನೋಡಿದ.

"ಹಾಗಾದರೆ ಈ ಸುಳ್ಳೆಲ್ಲ ಯಾರದು?" ಎಂದು ಮೇಲ್ವಿಚಾರಕರು ಅಬ್ಬರಿಸಿದರು. "ಕೊಳ, ಟವೆಲ್, ನೆಗಡಿ! ಯಾರು ಹುಟ್ಟಿಸಿದ್ದು ಇದನ್ನ? ಹೆಸರು ಹೇಳಿ!"

ಗೆಳತಿಯರು ತಲೆ ತಗ್ಗಿಸಿದರು. ತಮ್ಮನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ತಮ್ಮನ ಮಾನ ಆ ಹೊತ್ತು ನನ್ನ ನಾಲಿಗೆಯ ಮೇಲಿತ್ತು. ದೇವರನ್ನು ನೆನೆದು ಎದೆ ಸೆಟೆಸಿದೆ.

"ನನ್ನದು," ಎಂದೆ. "ಎಲ್ಲಾ ನಾನೇ ಕಟ್ಟಿದ್ದು. ಬೇರೆ ಯಾರೂ ಇದಕ್ಕೆ ಹೊಣೆಯಲ್ಲ."

"ಸುಳ್ಳು!"

ಕೂಗಿದವಳು ನನ್ನ ತಮ್ಮನ ಹೆಂಡತಿ. ಅವಳ ದನಿ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಗುಂಪನ್ನು ಸರಿಸಿಕೊಂಡು ಬಂದು ಮೇಲ್ವಿಚಾರಕರ ಮುಂದೆ ನಿಂತಳು.

"ಸ್ವಾಮಿ, ಇವರನ್ನ ನಂಬಬೇಡಿ. ನಮ್ಮ ಭಾವನಿಗೆ ಇಂಥದ್ದು ಒಂದೂ ಕಟ್ಟೋಕೆ ಬರಲ್ಲ. ಒಂದು ಸಲ ಮಕ್ಕಳಿಗೆ ಕಾಗೆ ಕಥೆ ಹೇಳೋಕೆ ಕೂತು, ಕಾಗೆ ತೂಕ ಎಷ್ಟು, ಉದ್ದ ಎಷ್ಟು ಅಂತ ಹೇಳಿ ಮಲಗಿಸಿಬಿಟ್ಟರು. ಇದು ನನ್ನ ಯಜಮಾನರದು! ರಾಜನ ಒದ್ದೆ ತಲೇನೂ ಅವರದೇ, ಫಿರಂಗಿ ನೆಗಡೀನೂ ಅವರದೇ. ಆ ಸೇತುವೆ ಅತ್ತೆ ಯಾರು ಗೊತ್ತಾ ನಿಮಗೆ? ನಮ್ಮಮ್ಮ!"

"ಯಾರಮ್ಮ?" ಎಂದರು ಮೇಲ್ವಿಚಾರಕರು. ಅವರಿಗೆ ಸೇತುವೆಯ ವಿಷಯ ಗೊತ್ತಿರಲಿಲ್ಲ.

"ನನ್ನ ಹೆತ್ತಮ್ಮ! ಅವಳು ಕೂಗಿದರೆ ಮೂರು ಬೀದಿಗೆ ಕೇಳ್ತಿತ್ತು. ಮದುವೆಯಾದಾಗಿಂದ ಈ ಮನುಷ್ಯ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಎಷ್ಟು ಒಳ್ಳೆ ಅಳಿಯ ಅಂದುಕೊಂಡಿದ್ದೆ. ತಗೊಂಡು ಹೋಗಿ ಸೇತುವೆಯೊಳಗೆ ಇಟ್ಟಿದ್ದಾರಲ್ಲ!"

ಅವಳು ನಗುತ್ತಿದ್ದಳು, ಕಣ್ಣೀರೂ ಇಳಿಯುತ್ತಿತ್ತು. ಬೇಕರಿಯಮ್ಮ ಬನ್ನಿನ ಡಬ್ಬವನ್ನು ಮೇಷ್ಟ್ರ ಕೈಗೆ ಕೊಟ್ಟು ಅವಳನ್ನು ಹಿಡಿದುಕೊಂಡರು.

"ಹಾಗಾದರೆ ಇದೆಲ್ಲ ಸುಳ್ಳು ಅಂತ ನಿನಗೆ ಗೊತ್ತಿತ್ತಾ?" ಎಂದು ನಾನು ಕೇಳಿದೆ.

"ಫಿರಂಗಿಗೆ ನೆಗಡಿ ಆಗಲ್ಲ ಅಂತ ತಿಳಿಯೋಕೆ ಪುಸ್ತಕ ಓದಬೇಕಾ ಭಾವ? ನಾನು ನಿಜ ಕೇಳೋಕೆ ಬಂದೆನಾ? ಅವರು ಮಾತಾಡ್ತಿದ್ದರು ಅಂತ ಇವರೆಲ್ಲ ಹೇಳಿದರಲ್ಲ, ಆ ಮಾತು ಕೇಳೋಕೆ ಬಂದೆ. ಮನೇಲಿ ನನಗೆ ಸಿಕ್ಕಿದ್ದು ಬರೀ 'ಹೂಂ'. ನನ್ನ ಹತ್ತಿರ ಮಾತಾಡೋಕೆ ಅವರಿಗೆ ಏನೂ ಇಲ್ಲ ಅಂದುಕೊಂಡೇ ಇಷ್ಟು ದಿನ ಕಳೆದೆ. ಇವರು ಯಾವ ಮನುಷ್ಯನಿಗೋಸ್ಕರ ಅಳ್ತಿದ್ದಾರೆ, ನಾನು ಯಾವ ಮನುಷ್ಯನಿಗೋಸ್ಕರ ಅಳ್ತಿದ್ದೀನಿ ಅಂತ ಗೊತ್ತಾಗಬೇಕಲ್ಲ ನನಗೆ!"

ನಾನು ಕೆಂಪು ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

ಗೈಡ್ ಮೆಲ್ಲಗೆ ಮುಂದೆ ಬಂದ. "ಹಳೇ ನೀಲಿ ವ್ಯಾನಿನ ಅಣ್ಣನಾ ಮೇಡಂ? ಕಥೆ ಕೇಳಿದಾಗಲೇ ಅನ್ನಿಸ್ತು. ಅವರು ಹೋಗಿಬಿಟ್ಟರಾ?" ಎಂದ. "ಅವರು ಬಂದ ದಿನ ನಮ್ಮ ಹಿಂದೆ ಒಂದು ನರಪಿಳ್ಳೆ ಬರ್ತಿರಲಿಲ್ಲ. ಎಷ್ಟು ಸಲ ಜಗಳ ಆಡಿದ್ದೀನಿ ಅವರ ಹತ್ತಿರ! ಜಗಳ ಆಡಿದ ಮೇಲೆ ಕೂತು ನಾನೂ ಕೇಳ್ತಿದ್ದೆ."

ಮೇಲ್ವಿಚಾರಕರು ಚಹಾದ ಲೋಟವನ್ನು ನೋಡಿದರು, ಫಿರಂಗಿಯನ್ನು ನೋಡಿದರು, ಗಂಟಲು ಕೆರೆದುಕೊಂಡರು.

"ಕೋಟೆಯ ಒಳಗೆ ಬೋರ್ಡಿನಲ್ಲಿ ಇರುವುದನ್ನು ಮಾತ್ರ ಹೇಳತಕ್ಕದ್ದು," ಎಂದು ತೀರ್ಪು ಕೊಟ್ಟರು. "ಗೇಟಿನ ಹೊರಗೆ ನನ್ನ ಅಧಿಕಾರ ನಡೆಯುವುದಿಲ್ಲ. ಅಲ್ಲಿ ಫಿರಂಗಿಗೆ ಏನು ಕಾಯಿಲೆ ಬಂದರೂ ನಾನು ಕೇಳೋದಿಲ್ಲ."

ಹೀಗೆ ನಾವೆಲ್ಲ ಗೇಟಿನ ಹೊರಗೆ ಬಂದು ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತೆವು. ಕೋಟೆಯೊಳಗಿನ ಅರ್ಧ ಜನ ನಮ್ಮ ಹಿಂದೆಯೇ ಬಂದರು. ಮೇಷ್ಟ್ರೂ ಬಂದರು. ಪ್ರತಿಯೊಂದನ್ನೂ ಖಂಡಿಸುವುದಕ್ಕಾಗಿ ಬಂದಿದ್ದೇನೆಂದು ಸ್ಪಷ್ಟವಾಗಿ ತಿಳಿಸಿದರು. ಗೆಳತಿಯರು ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ಅವನ ಕೈ, ಅವನ ಕೆಮ್ಮು, ಅವನು ಕನ್ನಡಿಯಲ್ಲಿ ಹಿಂದೆ ನೋಡಿ ಹುಬ್ಬು ಹಾರಿಸುವ ರೀತಿ ಎಲ್ಲವನ್ನೂ ಮಾಡಿ ತೋರಿಸಿದರು. ಮೆಕ್ಯಾನಿಕ್ ಕೂಡ ಒಂದು ಹೇಳಿದ. ಅದರಲ್ಲಿ ನಾಯಕಿ ಒಂದು ಗೇರ್‌ಬಾಕ್ಸ್. ತಮ್ಮನ ಹೆಂಡತಿ ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡಳು. "ಆಮೇಲೆ? ಹಾಗೇ ಅಂದರಾ? ಕೈ ಹೀಗೆ ಮಾಡಿದರಾ?" ಎಂದು ಕೇಳಿ ಕೇಳಿ ನಕ್ಕಳು. ರಾಣಿಯ ಅಡಿಗೆಯವನ ಕಥೆಗೆ ಮೇಷ್ಟ್ರು ಖಂಡಿಸಲು ಬಾಯಿ ತೆರೆದರು. ಬಾಯಿಂದ ನಗು ಬಂತು. ಬನ್ನುಗಳೂ ಅವರ ಕೈಯಲ್ಲೇ ಖಾಲಿಯಾಗಿದ್ದವು.

ಮರುದಿನ ಹಿಂದಿರುಗುವ ದಾರಿಯಲ್ಲಿ ಕೊನೆಯ ಜಾಗ ಒಂದು ಗುಡ್ಡದ ತುದಿ. ಕೆಳಗೆ ಕಣಿವೆ, ನಡುವೆ ನದಿ, ದೂರದಲ್ಲಿ ಬೆಳಕು ಬಿದ್ದ ಹೊಲಗಳು. ರಸ್ತೆಯ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲು. ನಾ‌ವೆಲ್ಲ ಇಳಿದೆವು. ತಮ್ಮನ ಹೆಂಡತಿ ಗೆಳತಿಯರ ಕಡೆ ತಿರುಗಿದಳು.

"ಇಲ್ಲಿ ಏನು ಹೇಳ್ತಿದ್ದರು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಲ್ಲಿ ಏನೂ ಹೇಳ್ತಿರಲಿಲ್ಲ ಅತ್ತಿಗೆ," ಎಂದರು ನರ್ಸಮ್ಮ. "ಪ್ರತಿ ಸಲ ಇಲ್ಲಿ ನಿಲ್ಲಿಸೋರು. ಆ ಕಲ್ಲಿನ ಮೇಲೆ ಕೂರೋರು. ಇಲ್ಲಿ ಕಥೆ ಇಲ್ವಾ ಡ್ರೈವರಣ್ಣ ಅಂತ ಕೇಳಿದರೆ, ಇಲ್ಲ, ಸುಮ್ನೆ ನೋಡಿ ಅನ್ನೋರು."

"ನಮಗೆ ಬೇಜಾರಾಗಿಬಿಡೋದು," ಎಂದರು ಟೈಲರಮ್ಮ. "ಇಲ್ಲಿ ಬಂದರೆ ಬೇರೆ ಮನುಷ್ಯ ಆಗಿಬಿಡ್ತಿದ್ದರು."

ಅವಳು ಹೋಗಿ ಆ ಕಲ್ಲಿನ ಮೇಲೆ ಕುಳಿತಳು. ಅಂಗೈಯಿಂದ ಕಲ್ಲನ್ನು ಒಮ್ಮೆ ಸವರಿದಳು.

"ಬೇರೆ ಮನುಷ್ಯ ಅಲ್ಲ," ಎಂದಳು. "ಇವರು ನನಗೆ ಗೊತ್ತು. ದಿನಾ ಸಂಜೆ ಮನೆಗೆ ಬರ್ತಿದ್ದದ್ದು ಇವರೇ."



ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಇಲ್ಲಿ ಅವರಿಗೆ ಹಿತವಾಗಿತ್ತು ಅಂತ ಕಾಣುತ್ತೆ, ಅಲ್ವಾ ಭಾವ? ಅದಕ್ಕೇ ಮಾತು ಬೇಕಿರಲಿಲ್ಲ."

"ಹೂಂ," ಎಂದೆ. ನನ್ನ ಬಾಯಲ್ಲೂ ಅಷ್ಟೇ ಬಂತು.

ಗೆಳತಿಯರು ಅವಳ ಅಕ್ಕಪಕ್ಕದಲ್ಲಿ ಕುಳಿತರು. ಅವರು ಮೂವರೂ ಮಾತಿಲ್ಲದೆ ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಸ್ವಲ್ಪ ದೂರ ಹೋಗಿ, ಚಪ್ಪಲಿ ಬಿಟ್ಟು, ಕಣಿವೆಯ ಕಡೆ ಮುಖಮಾಡಿ ಕೈ ಮುಗಿದೆ.

ದೇವರೇ, ನನ್ನ ತಮ್ಮ ನಿನ್ನ ಬಳಿಗೆ ಬಂದಿದ್ದಾನೆ. ಕಂಡವರನ್ನೆಲ್ಲ ಕೂರಿಸಿಕೊಂಡು, ಕೇಳಿದ ಕಡೆಗೆ ಕರೆದುಕೊಂಡು ಹೋಗಿ, ಜೋಪಾನವಾಗಿ ಮನೆ ಮುಟ್ಟಿಸಿದವನು. ಒಂದು ದಿನವೂ ಹಿಂದಿನ ಸೀಟಿನಲ್ಲಿ ಕುಳಿತವನಲ್ಲ. ಇನ್ನು ನೀನು ಓಡಿಸು ತಂದೆ, ಅವನಿಗೆ ಕಿಟಕಿಯ ಪಕ್ಕ ಜಾಗ ಕೊಡು. ಮಾತಾಡಿದರೆ ಕೇಳು, ಆಡದಿದ್ದರೆ ಕಾರಣ ಕೇಳಬೇಡ. ಅವನ ಆತ್ಮಕ್ಕೆ ಶಾಂತಿಯಿರಲಿ.